ಹೊಂಡಕ್ಕೆ ಕ್ಯಾಟ್‌ಫಿಶ್ ಬೇಡ

ನಮ್ಮ ಬಯಲುಸೀಮೆಯ ಕೃಷಿಹೊಂಡ ತುಂಬಿತೆಂದರೆ ಮೀನುಮರಿ ಮಾರುವವರು ಬಂದೇ ಬರ್ತಾರೆ. 'ಆಫ್ರಿಕನ್ ಕ್ಯಾಟ್‌ಫಿಶ್ ಬಿಡಿ, ನೀರು ಎಷ್ಟು ಕೆಟ್ಟರೂ ಸಾಯಲ್ಲ' ಅಂತಾರೆ. ಮಾತು ಸುಳ್ಳಲ್ಲ. ಅದು ಮೇಲೆ ಬಂದು ಗಾಳಿ ಎಳೆದುಕೊಂಡು ಬದುಕುತ್ತೆ. ಸಾಯದಿರುವುದೇ ನಮಗೆ ಕಷ್ಟ. ಅದಿರುವ ಹೊಂಡಕ್ಕೆ ಮತ್ತೆ ಕಾಟ್ಲಾ, ರೋಹು ಮರಿ ಬಿಟ್ಟರೆ ದುಡ್ಡು ಕೊಟ್ಟು ಅದಕ್ಕೆ ಊಟ ಹಾಕಿದಂತೆ. ಕಪ್ಪೆಯನ್ನೂ ಬಿಡಲ್ಲ. ಹೊಂಡ ಕೋಡಿ ಬಿದ್ದ ದಿನ ಊರ ಕೆರೆ ಸೇರಿದರೆ ಅಲ್ಲಿಂದ ಹಿಡಿದು ತೆಗೆಯೋರು ಯಾರು? ಕೇಂದ್ರ ಸರ್ಕಾರ ಇದರ ಸಾಕಣೆಯನ್ನು 2000ದಲ್ಲೇ ನಿಷೇಧಿಸಿದೆ. ಆದರೂ ಮಾರಾಟ ನಿಂತಿಲ್ಲ.

'ಪಾಚಿ ತಿನ್ನುತ್ತೆ' ಅಂತ ನಂಬಿ ಬಿಡೋರೂ ಇದ್ದಾರೆ. ಅದರ ಕಣ್ಣೆಲ್ಲ ಮರಿಗಳ ಮೇಲೆ! ನೀರು ತೆಳು ಹಸಿರಾಗಿದ್ದರೆ ಹೆದರಬೇಡಿ, ಅದು ಕಾಟ್ಲಾ, ಬೆಳ್ಳಿಗೆಂಡೆಗಳ ಮೇವು. ಕೂದಲಿನ ಹಾಗೆ ಎಳೆಎಳೆಯಾಗಿ ಬೆಳೆಯೋ ಪಾಚಿಯೇ ಡ್ರಿಪ್ ಫಿಲ್ಟರ್ ಕಟ್ಟಿಸೋದು. ಅದಕ್ಕೆ ಮೈಲುತುತ್ತ ಸುರಿಯೋದನ್ನು ನಾನು ಒಪ್ಪಲ್ಲ. ಮೈಲುತುತ್ತ ಮೀನಿಗೂ ವಿಷ. ಸಾಲದ್ದಕ್ಕೆ ಪಾಚಿಯೆಲ್ಲ ಒಟ್ಟಿಗೇ ಸತ್ತು ಕೊಳೆತರೆ ನೀರಿನ ಆಮ್ಲಜನಕ ಇಳಿದು, ಬೆಳಗಿನ ಜಾವಕ್ಕೆ ಮೀನುಗಳು ಮೇಲೆ ಬಂದು ಬಾಯಿ ಬಿಡ್ತವೆ.

ಪಾಚಿಗೆ ಮೇವು ಹಾಕೋರು ನಾವೇ. ಹೊಲದ ಯೂರಿಯಾ, ಡಿಎಪಿ, ತಿಪ್ಪೆಯ ರಸ ಎಲ್ಲಾ ಮಳೆನೀರಿನ ಜೊತೆ ಹೊಂಡಕ್ಕೆ ಇಳಿಯುತ್ತೆ. ನೀರು ಬರೋ ದಾರಿಯಲ್ಲಿ ಹೂಳುಗುಂಡಿ ತೋಡಿ, ಸುತ್ತ ಹುಲ್ಲು ಬೆಳೆಸಿ, ತಿಪ್ಪೆ ದೂರ ಮಾಡಿ. ಬೆಳೆದ ಪಾಚಿಯನ್ನು ಕೋಲಿಗೆ ಸುತ್ತಿ ಎಳೆದು ತೆಂಗಿನ ಬುಡಕ್ಕೆ ಹಾಕಿ.

ಕ್ಯಾಟ್‌ಫಿಶ್ ಈಗಾಗಲೇ ಹೊಕ್ಕಿದ್ದರೆ ಬೇಸಿಗೆಯಲ್ಲಿ ಹೊಂಡ ಬತ್ತಿದಾಗ ಕೆಸರು ಕೆದಕಿ, ಒಂದೂ ಬಿಡದಂತೆ ಹಿಡಿಯಿರಿ. ಹೊಸ ಮಳೆಗೆ ಬೆರಳುದ್ದದ ಗೆಂಡೆ ಮರಿ ಬಿಡಿ.