ಎರಡಡಿ ಗಾಜಿನೊಳಗೆ ಕಡಲಿನ ಗಡಿಜಗಳ

ಕಡೂರು ತಾಲ್ಲೂಕಿನ ದೇವನೂರಿನಂಥ ಊರಲ್ಲಿ ಕಡಲ ಮೀನು ಸಾಕಬೇಕೆಂದರೆ ಮೊದಲು ಕಡಲನ್ನೇ ತಯಾರಿಸಿಕೊಳ್ಳಬೇಕು. ಕೊಳವೆಬಾವಿಯ ಗಡಸು ನೀರು ಒಗ್ಗುವುದಿಲ್ಲ, ಆರ್‌ಒ ನೀರು ಬೇಕು. ಅದಕ್ಕೆ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಕಡಲ ಅಕ್ವೇರಿಯಂನ ಉಪ್ಪು ಬೆರೆಸಬೇಕು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿ ಸುಮಾರು 255 ಲೀಟರ್ ಹಿಡಿಯುತ್ತದೆ; ಅದಕ್ಕೆ ಹತ್ತಿರಹತ್ತಿರ 9 ಕಿಲೋ ಉಪ್ಪು ಬೇಕು. ಬೇಸಿಗೆಯಲ್ಲಿ ನೀರು ಬಿಸಿಯೇರದಂತೆ ಕಾಯಬೇಕು, ಕರೆಂಟು ಹೋದರೂ ಪಂಪು ನಿಲ್ಲದಂತೆ ಯುಪಿಎಸ್ ಇಡಬೇಕು. ಇಷ್ಟೆಲ್ಲ ಹೊಂದಿಸಿದ ತೊಟ್ಟಿಯಲ್ಲಿ ಒಂದು ಮೀನು ಉಳಿದವನ್ನು ಅಟ್ಟಾಡಿಸಿ ಕಚ್ಚತೊಡಗಿದರೆ ಸಾಕಿದವರಿಗೆ ಹೊಟ್ಟೆ ಉರಿಯುವುದು ಸಹಜ. ಬೈಗುಳವೆಲ್ಲ ಮೀನಿನ ಮೇಲೆ ಬೀಳುತ್ತದೆ. ಆದರೆ ಜಗಳದ ಬೀಜ ಬಿತ್ತನೆಯಾಗಿರುವುದು ಹೆಚ್ಚಿನ ಸಲ ಅಂಗಡಿಯ ಕಟ್ಟೆಯಲ್ಲಿ, ಮೀನು ಕೊಂಡ ದಿನವೇ.

ಕಡಲ ತೊಟ್ಟಿ ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೀನಿನ ಹೇಲಿನಿಂದ, ಉಳಿದ ಆಹಾರದಿಂದ ಹುಟ್ಟುವ ಅಮೋನಿಯವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾ ಕಲ್ಲು-ಮರಳಿನಲ್ಲಿ ನೆಲೆಯೂರಬೇಕು. ಆ ವಿಷದ ದಿನಗಳನ್ನು ತಾಳಿಕೊಳ್ಳಲಿ ಎಂದು ಅಂಗಡಿಯವರು ಮೊದಲು ಡ್ಯಾಮ್ಸೆಲ್ ಮೀನು ಕೊಡುವ ರೂಢಿ ಹಳೆಯದು. ಅದು ಅಗ್ಗ, ಗಟ್ಟಿ ಜೀವ, ಮಿರಮಿರ ನೀಲಿ ಬಣ್ಣ. ಮೂರು ಚುಕ್ಕಿಯ ಕಪ್ಪು ಡ್ಯಾಮ್ಸೆಲ್ ಕೊಳ್ಳುವಾಗ ಎರಡು ಬೆರಳಗಲವೂ ಇರುವುದಿಲ್ಲ. ಬೆಳೆದು ನಿಂತಾಗ ಅಂಗೈಗಿಂತ ದೊಡ್ಡದು. ಇಡೀ ತೊಟ್ಟಿಯಲ್ಲಿ ಮೊದಲಿಗನಾಗಿ ಬಂದು ಒಂದೊಂದು ಸಂದಿಯನ್ನೂ ತನ್ನದೆಂದು ಗುರುತಿಸಿಕೊಂಡ ಮೇಲೆ ಅದು ಬೇರೆ ಯಾರನ್ನೂ ಬಿಟ್ಟುಕೊಳ್ಳದು.

ಹೊಸ ಮೀನು ಬಿಟ್ಟ ಸಂಜೆ ನೋಡಬೇಕು. ಡ್ಯಾಮ್ಸೆಲ್ ಕಲ್ಲಿನ ಬಾಯಲ್ಲಿ ರೆಕ್ಕೆ ನಿಗುರಿಸಿ ನಿಂತಿರುತ್ತದೆ. ಹೊಸದು ಒಂದು ಗೇಣು ಹತ್ತಿರ ಬಂದರೆ ಸಾಕು, ಬಾಣದಂತೆ ನುಗ್ಗಿ ಪಕ್ಕೆಗೆ ಕಚ್ಚಿ ಮರಳುತ್ತದೆ. ಎರಡು ದಿನ ಕಳೆಯುವಷ್ಟರಲ್ಲಿ ಬಂದ ಮೀನು ಹೀಟರ್ ಕೊಳವೆಯ ಹಿಂದೆ, ನೀರಿನ ಮೇಲ್ಮೂಲೆಯಲ್ಲಿ ತಲೆ ಮೇಲೆ ಮಾಡಿ ನಿಂತಿರುತ್ತದೆ. ಬಾಲದ ರೆಕ್ಕೆ ಹರಿದು ನೂಲುನೂಲಾಗಿರುತ್ತದೆ, ಕಿವಿರು ಬಡಬಡ ಬಡಿದುಕೊಳ್ಳುತ್ತದೆ. ಆಹಾರ ಹಾಕಿದರೂ ಕೆಳಗಿಳಿಯುವುದಿಲ್ಲ. ಬಹುಪಾಲು ಮೀನುಗಳು ಗಾಯದಿಂದ ಸಾಯುವುದಕ್ಕಿಂತ ಹೆಚ್ಚಾಗಿ ಈ ಹಸಿವು-ಭಯದಲ್ಲಿ ಸೊರಗಿ, ಬಿಳಿಚುಕ್ಕೆ ರೋಗ ಹತ್ತಿ ಸಾಯುತ್ತವೆ.

ಹವಳದ ದಿಬ್ಬದಲ್ಲಿ ಇದೇ ಸ್ವಭಾವ ಬದುಕಿನ ಆಧಾರ. ಡ್ಯಾಮ್ಸೆಲ್‌ಗಳ ಕೆಲವು ಜಾತಿಗಳು ಕಲ್ಲಿನ ಮೇಲೆ ಪಾಚಿಯ ಪಾತಿ ಮಾಡಿಕೊಳ್ಳುತ್ತವೆ. ತಿನ್ನಲಾಗದ ಪಾಚಿಯನ್ನು ಕಿತ್ತು ಹೊರಗೆಸೆಯುತ್ತವೆ, ಮೇಯಲು ಬರುವ ದೊಡ್ಡ ಮೀನುಗಳನ್ನೂ ಓಡಿಸುತ್ತವೆ. ಗೂಡು ಕಾಯುವ ಟೈಟನ್ ಟ್ರಿಗರ್ ಮೀನು ಮುಳುಗುಗಾರರ ಮೇಲೂ ಏರಿಹೋಗುತ್ತದೆ. ಆಸ್ಟ್ರಿಯಾದ ಕೊನ್ರಾಡ್ ಲೊರೆನ್ಜ್ 1963ರಲ್ಲಿ ಪ್ರಾಣಿಗಳ ಕಾದಾಟದ ಬಗ್ಗೆ ಬರೆದ ಹೆಸರುವಾಸಿ ಪುಸ್ತಕ ಶುರುವಾಗುವುದೇ ಹವಳದ ಮೀನುಗಳಿಂದ. ಢಾಳು ಬಣ್ಣದ ಮೀನುಗಳು ಅನ್ಯಜಾತಿಗಿಂತ ಸ್ವಜಾತಿಯ ಮೇಲೇ ಹೆಚ್ಚು ಮುಗಿಬೀಳುವುದನ್ನು ಅವರು ಗಮನಿಸಿದ್ದರು. ಒಂದೇ ಆಹಾರ, ಒಂದೇ ಬಗೆಯ ಮನೆ ಕೇಳುವವನೇ ದೊಡ್ಡ ಪೈಪೋಟಿಗಾರನಲ್ಲವೆ? ಆದ್ದರಿಂದ ಒಂದೇ ಬಣ್ಣ, ಒಂದೇ ಮೈಕಟ್ಟಿನ ಎರಡು ಮೀನು ಚಿಕ್ಕ ತೊಟ್ಟಿಗೆ ತರಬಾರದು.

ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತ ಬಲ್ಲವರಿಗೆ ಈ ಗಡಿಯ ನಿಯಮ ಹೊಸದಲ್ಲ. ಯಜ್ಞದ ಕುದುರೆ ಯಾರ ನೆಲಕ್ಕೆ ಕಾಲಿಟ್ಟರೂ ಅಲ್ಲಿ ಸುಧನ್ವನೋ ಬಭ್ರುವಾಹನನೋ ಎದುರಾಗುತ್ತಾರೆ. ಕುದುರೆಗೆ ಮುಂದಿನ ರಾಜ್ಯಕ್ಕೆ ಹೋಗುವ ದಾರಿಯಾದರೂ ಇತ್ತು. ನಾಲ್ಕೂ ಕಡೆ ಗಾಜಿರುವ ತೊಟ್ಟಿಯಲ್ಲಿ ಸೋತ ಮೀನಿಗೆ ಆ ದಾರಿ ಇಲ್ಲ. ನೇತ್ರಾಣಿ ದ್ವೀಪದ ಸುತ್ತಣ ಕಡಲಲ್ಲಿ ಒಂದು ಕಚ್ಚು ತಿಂದ ಮೀನು ಹತ್ತು ಮಾರು ಆಚೆ ಈಜಿ ಪಾರಾಗುತ್ತದೆ. ಎರಡಡಿ ತೊಟ್ಟಿಯಲ್ಲಿ ಅದೇ ಕಚ್ಚು ದಿನವಿಡೀ ಮುಂದುವರಿಯುತ್ತದೆ.

ಅಮೆರಿಕದ ರೊನಾಲ್ಡ್ ಓಲ್ಡ್‌ಫೀಲ್ಡ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಪುರಾವೆ. ಅವರು ಗಮನಿಸಿದ್ದು ಮೈಡಾಸ್ ಸಿಕ್ಲಿಡ್ ಎಂಬ ಸಿಹಿನೀರಿನ ಮೀನನ್ನು. ತೊಟ್ಟಿ ದೊಡ್ಡದಾಗಿ, ಒಳಗೆ ಅಡಗಲು ಮರೆಗಳು ಹೆಚ್ಚಾದಾಗ ಕಾದಾಟ ಇಳಿಯಿತು. ಕಡಲ ಮೀನಿಗೂ ಈ ಮಾತು ಸಲ್ಲುತ್ತದೆ.

ಕ್ಲೌನ್‌ಫಿಷ್‌ನ ಕಥೆ ಸ್ವಲ್ಪ ಬೇರೆ. 2003ರ ‘ಫೈಂಡಿಂಗ್ ನೀಮೊ’ ಬಂದ ಮೇಲೆ ಮಕ್ಕಳೆಲ್ಲ ಕೇಳುವುದು ಅದನ್ನೇ. ಅವುಗಳ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಎರಡನೆಯದು ಗಂಡು, ಉಳಿದವು ಚಿಕ್ಕವಾಗಿಯೇ ಉಳಿಯುತ್ತವೆ. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುತ್ತದೆ. ಕೆಳಗಿನ ಮೀನು ಮೇಲಿನದಕ್ಕೆ ಸಮವಾಗಿ ಬೆಳೆದರೆ ಗುಂಪಿನಿಂದ ಹೊರಬೀಳುವ ಅಪಾಯ ಇರುವುದರಿಂದ ತನ್ನ ಬೆಳವಣಿಗೆಯನ್ನೇ ತಡೆದುಕೊಳ್ಳುತ್ತದೆ. ಸಮಗಾತ್ರದ ದೊಡ್ಡ ಕ್ಲೌನ್‌ಗಳನ್ನು ನಾಲ್ಕೈದು ಒಟ್ಟಿಗೆ ತಂದು ಹಾಕಿದರೆ ಮೇಲು-ಕೀಳು ತೀರ್ಮಾನವಾಗುವವರೆಗೆ ಯುದ್ಧ ನಿಲ್ಲದು. ಒಂದು ದೊಡ್ಡದು, ಒಂದು ಚಿಕ್ಕದು ಸೇರಿದ ಜೋಡಿ ಸಾಕು.

ಹಾಗಾದರೆ ಜಗಳ ಶುರುವಾದ ಮನೆಯವರು ಮಾಡುವುದೇನು? ಮೊದಲು ಕಲ್ಲುಗಳ ಜೋಡಣೆಯನ್ನು ಕೆದಕಿ ಬದಲಿಸಬೇಕು. ಹಳೆಯ ಗುರುತುಗಳು ಅಳಿದರೆ ಎಲ್ಲ ಮೀನೂ ಹೊಸ ನೆಲೆ ಹುಡುಕಬೇಕಾಗುತ್ತದೆ. ಆ ಗಲಿಬಿಲಿಯಲ್ಲೇ ಹೊಸಬ ಹೊಂದಿಕೊಳ್ಳುವುದು ಹೆಚ್ಚು. ತೂತುಗಳಿರುವ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಒಳಗೆ ತೂಗುಹಾಕಿ ಹೊಸ ಮೀನನ್ನು ಅದರಲ್ಲಿ ಮೂರ್ನಾಲ್ಕು ದಿನ ಇಟ್ಟರೆ ಎರಡೂ ಮುಖಾಮುಖಿಯಾಗಿ ಪರಿಚಯವಾಗುತ್ತವೆ, ಕಚ್ಚಲು ಆಗುವುದಿಲ್ಲ. ಬಿಡುವಾಗ ದೀಪ ಆರಿಸಿ, ಆಹಾರವನ್ನು ಎರಡು ಮೂಲೆಗೆ ಹಾಕಬೇಕು. ಇಷ್ಟಾದರೂ ಬಗ್ಗದಿದ್ದರೆ ಕಚ್ಚುವ ಮೀನನ್ನೇ ಹೊರತೆಗೆದು ಬೇರೆ ತೊಟ್ಟಿಯಲ್ಲಿ ಕೆಲವು ದಿನ ಇಡಬೇಕು. ಮರಳಿ ಬರುವಾಗ ಅದೇ ಹೊಸಬ. ಕಲ್ಲುಗಳ ನಡುವೆ ಬಲೆ ಬೀಸಿದರೆ ಸಿಗುವುದಿಲ್ಲ. ನೀರಿನ ಬಾಟಲಿಯ ಕತ್ತು ಕೊಯ್ದು ತಿರುಗುಮುರುಗಾಗಿ ಒಳಗೆ ತೂರಿಸಿ, ತಳದಲ್ಲಿ ಸಿಗಡಿ ಚೂರು ಇಟ್ಟರೆ ತಾನೇ ಬಂದು ಬೀಳುತ್ತದೆ.

ಇದೆಲ್ಲ ಆಮೇಲಿನ ಪಾಡು. ಮೊದಲೇ ಡ್ಯಾಮ್ಸೆಲ್ ಬಿಡದೆ ಒಂದು ಚೂರು ಸಿಗಡಿಯನ್ನೇ ನೀರಲ್ಲಿ ಕೊಳೆಯಲು ಬಿಟ್ಟರೂ ತೊಟ್ಟಿ ಹದಕ್ಕೆ ಬರುತ್ತದೆ. ಸೌಮ್ಯ ಮೀನು ಮೊದಲು, ಸಿಡುಕು ಮೀನು ಕೊನೆಗೆ. ಅಡಗುದಾಣ ಬೇಕೆಂದು ನಿಜವಾದ ಹವಳ ತರುವವರೂ ಇದ್ದಾರೆ. 2001ರಿಂದ ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿದೆ. ಅದರ ಬದಲು ಸುಟ್ಟ ಮಣ್ಣಿನ ತುಂಡುಗಳು ಸಾಕು.

ಅಕ್ವೇರಿಯಂ ಅಂಗಡಿಗಳ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ನಿಯಮ ತಂದು, 158 ಜಾತಿಯ ಮೀನುಗಳ ಮಾರಾಟಕ್ಕೆ ತಡೆಯೊಡ್ಡಿ, ಕೆಲವೇ ತಿಂಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ಜಾತಿಗಳ ಪಟ್ಟಿ ಹಿಡಿದು ನಿಷೇಧಿಸುವುದಕ್ಕಿಂತ ಸುಲಭವಾದ ದಾರಿ ಇದೆ. ಪ್ರತಿ ತೊಟ್ಟಿಯ ಮೇಲೂ ಕನ್ನಡದಲ್ಲಿ ಒಂದು ಚೀಟಿ ಅಂಟಿಸಲಿ: ಈ ಮೀನು ಬೆಳೆದರೆ ಎಷ್ಟು ಉದ್ದ, ಎಷ್ಟು ಲೀಟರ್ ನೀರು ಬೇಕು, ಯಾವುದರ ಜೊತೆ ಹೊಂದುವುದಿಲ್ಲ. ಪಿಕಾಸೊ ಟ್ರಿಗರ್ 30 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ ಎಂದು ಬರೆದಿದ್ದರೆ ಎರಡಡಿ ತೊಟ್ಟಿಗೆ ಅದನ್ನು ಯಾರು ಕೊಂಡಾರು? ಕ್ಲೌನ್, ಡ್ಯಾಮ್ಸೆಲ್ ಜಾತಿಗಳನ್ನು ಮರಿ ಮಾಡಿಸುವ ವಿಧಾನವನ್ನು ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದೆ. ಹ್ಯಾಚರಿಯಲ್ಲಿ ಹುಟ್ಟಿದ ಮೀನೋ ದಿಬ್ಬದಿಂದ ಹಿಡಿದದ್ದೋ ಎಂಬುದೂ ಆ ಚೀಟಿಯಲ್ಲಿರಲಿ.

ಇನ್ನೊಂದು ಮಾತು ಕಡೂರಿನವರಿಗೇ ಹೇಳಬೇಕು. ಕಾಟ ಕೊಡುವ ಮೀನನ್ನು ಕೊಲ್ಲಲು ಮನಸ್ಸಾಗದೆ ಕೆರೆಗೆ ಬಿಡುವವರಿದ್ದಾರೆ. ಕಡಲ ಮೀನನ್ನು ಸಿಹಿನೀರಿಗೆ ಬಿಟ್ಟರೆ ಮೈಯೊಳಗೆ ನೀರು ನುಗ್ಗಿ ಉಪ್ಪು ಸೋರಿ ಒದ್ದಾಡಿ ಸಾಯುತ್ತದೆ. ಫ್ಲವರ್‌ಹಾರ್ನ್‌ನಂಥ ಸಿಹಿನೀರಿನ ಜಗಳಗಂಟ ಬದುಕಿಬಿಡುತ್ತದೆ, ಅದು ಇನ್ನೂ ದೊಡ್ಡ ಅನಾಹುತ. 1985ರಲ್ಲಿ ಫ್ಲಾರಿಡಾದ ಕಡಲಲ್ಲಿ ಮೊದಲು ಕಾಣಿಸಿದ ಲಯನ್‌ಫಿಷ್ ಅಕ್ವೇರಿಯಂಗಳಿಂದ ಹೋದದ್ದೆಂದೇ ತಜ್ಞರ ಅಭಿಪ್ರಾಯ. ಇಂದು ಅದು ಕೆರಿಬಿಯನ್ ತುಂಬ ಹರಡಿ ಅಲ್ಲಿನ ಮರಿಮೀನುಗಳನ್ನು ನುಂಗುತ್ತಿದೆ. ಕೇರಳದಲ್ಲಿ 2018ರ ನೆರೆ ಇಳಿದಾಗ ಹೊಳೆಗಳಲ್ಲಿ ಅಮೆಜಾನಿನ ಅರಪೈಮಾ ಸಿಕ್ಕಿತು. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಅಲಿಗೇಟರ್ ಗಾರ್ ಬಲೆಗೆ ಬಿತ್ತು. ಅಯ್ಯನಕೆರೆಯಲ್ಲೋ ಮದಗದಕೆರೆಯಲ್ಲೋ ಇಂಥದ್ದೊಂದು ಮರಿ ಮಾಡಿದರೆ, ಅಲ್ಲಿಂದ ಹರಿಯುವ ನೀರು ವೇದಾವತಿ ಸೇರಿ ಹಿರಿಯೂರಿನ ವಾಣಿವಿಲಾಸ ಸಾಗರದವರೆಗೂ ಅದನ್ನು ಒಯ್ಯಬಲ್ಲದು. ಮಾರಿದ ಅಂಗಡಿಯೇ ಬೇಡವಾದ ಮೀನನ್ನು ವಾಪಸು ಪಡೆಯಬೇಕು ಎಂಬ ಷರತ್ತನ್ನು ಪರವಾನಗಿ ಕೊಡುವಾಗಲೇ ಹಾಕುವುದಕ್ಕೆ ಸ್ಥಳೀಯ ಸಂಸ್ಥೆಗಳು ತಡಮಾಡಬಾರದು. ಕಡೂರು, ತರೀಕೆರೆ, ಅಜ್ಜಂಪುರದ ಅಂಗಡಿಗಳಿಂದಲೇ ಅದು ಶುರುವಾಗಲಿ.