ಗುಂಡಿಗೆ ತೂಗುವ ತಕ್ಕಡಿ



"ಮೇಲೊಬ್ಬನಿದ್ದಾನೆ, ಅವನು ನೋಡಿಕೊಳ್ಳುತ್ತಾನೆ" ಎಂಬ ಮಾತು ನಮ್ಮವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ಪಗಾರ ತಡವಾದರೂ ಅದೇ ಮಾತು. ಹಾಜರಿ ಪುಸ್ತಕದಲ್ಲಿ ಅರ್ಧ ದಿನ ಮಾಯವಾದರೂ ಅದೇ ಮಾತು. ಊರಿನಿಂದ ಹೊಸದಾಗಿ ಬಂದ ಹುಡುಗನಿಂದ ರಾತ್ರಿ ಹನ್ನೆರಡರವರೆಗೆ ಮುಸುರೆ ತಿಕ್ಕಿಸಿದರೂ ಅದೇ ಮಾತು. ಈ ನಂಬಿಕೆಯನ್ನು ಹಾಸ್ಯ ಮಾಡುವವರು ನಾವಲ್ಲ. ಬಡವನಿಗೆ ಅದೊಂದು ಊರುಗೋಲು. ಆದರೆ ಊರುಗೋಲನ್ನು ಹಿಡಿದು ನಡೆಯಬೇಕೋ, ಅದನ್ನು ತಲೆದಿಂಬಾಗಿ ಇಟ್ಟುಕೊಂಡು ಮಲಗಬೇಕೋ ಎಂಬುದನ್ನು ನಾವೆಲ್ಲರೂ ಕೂಡಿ ವಿಚಾರ ಮಾಡಬೇಕಾಗಿದೆ.

ಈ ವಿಚಾರಕ್ಕೆ ಪ್ರಾಚೀನ ಈಜಿಪ್ತಿನವರನ್ನು ನಾವಿಂದು ಉದಾಹರಣೆಗೆ ತೆಗೆದುಕೊಳ್ಳುತ್ತೇವೆ. ಸತ್ತ ಮೇಲೆ ನ್ಯಾಯವುಂಟು ಎಂದು ಅವರಷ್ಟು ಗಟ್ಟಿಯಾಗಿ ನಂಬಿದ ಜನ ವಿರಳ. ನಾವು ಪಂಡಿತರಲ್ಲ, ಮಿಡ್ಲ್ ಸ್ಕೂಲಿನ ಮೆಟ್ಟಿಲು ಹತ್ತಿ ಇಳಿದವರು. ಓದಿ ತಿಳಿದಷ್ಟನ್ನು ಓದುಗರ ಮುಂದಿಡುತ್ತೇವೆ.

ಅವರ ಧರ್ಮಕ್ಕೆ ನಡುಗಂಬವಾಗಿದ್ದುದು ಒಂದು ಶಬ್ದ: ಮಾಅತ್. ನಮ್ಮ 'ಮಾತು' ಎಂಬಂತೆ ಕಿವಿಗೆ ಬೀಳುವುದಾದರೂ ಎರಡಕ್ಕೂ ಸಂಬಂಧವಿಲ್ಲ. ಸತ್ಯ, ನ್ಯಾಯ, ಲೋಕದ ಕಟ್ಟುಪಾಡು, ಈ ಮೂರನ್ನೂ ಅವರು ಈ ಒಂದೇ ಶಬ್ದದಿಂದ ಹೇಳುತ್ತಿದ್ದರು. ಸೂರ್ಯ ಹುಟ್ಟುವುದು, ನೈಲ್ ನದಿಗೆ ಕಾಲಕ್ಕೆ ಸರಿಯಾಗಿ ನೆರೆ ಬರುವುದು, ಧಾನ್ಯ ಅಳೆಯುವವನು ನೆಟ್ಟಗೆ ಅಳೆಯುವುದು, ಎಲ್ಲವೂ ಒಂದೇ ಕಟ್ಟಳೆಗೆ ಸೇರಿದವು. ಮಾಅತ್ ಒಬ್ಬ ದೇವಿಯೂ ಹೌದು. ಆಕೆ ಸೂರ್ಯದೇವನಾದ ರಾ ಎಂಬಾತನ ಮಗಳು. ಆಕೆಯ ತಲೆಯ ಮೇಲೆ ಉಷ್ಟ್ರಪಕ್ಷಿಯ ಒಂದು ಗರಿ.

ಮನುಷ್ಯ ಸತ್ತ ಮೇಲೆ ಅವನನ್ನು ಓಸಿರಿಸ್ ದೇವನ ಸಭೆಗೆ ಕರೆದೊಯ್ಯುತ್ತಾರೆಂದು ಅವರ ನಂಬಿಕೆ. ಅಲ್ಲಿ ಒಂದು ತಕ್ಕಡಿ. ಒಂದು ತಟ್ಟೆಯಲ್ಲಿ ಸತ್ತವನ ಗುಂಡಿಗೆ, ಇನ್ನೊಂದರಲ್ಲಿ ಮಾಅತ್ ದೇವಿಯ ಗರಿ. ನರಿಯ ತಲೆಯುಳ್ಳ ಅನೂಬಿಸ್ ತಕ್ಕಡಿಯನ್ನು ನೋಡುತ್ತಾನೆ. ಕೊಕ್ಕರೆಯಂಥ ಹಕ್ಕಿಯ ತಲೆಯುಳ್ಳ ಥೋತ್ ಲೆಕ್ಕ ಬರೆಯುತ್ತಾನೆ, ನಮ್ಮ ಚಿತ್ರಗುಪ್ತನ ಹಾಗೆ. ಮೊಸಳೆಯ ತಲೆ, ಸಿಂಹದ ಮುಂಭಾಗ, ನೀರಾನೆಯ ಹಿಂಭಾಗವುಳ್ಳ ಅಮ್ಮಿತ್ ಎಂಬ ಪ್ರಾಣಿ ಪಕ್ಕದಲ್ಲಿಯೇ ಕಾದಿರುತ್ತದೆ. ಗುಂಡಿಗೆ ಭಾರವಾಯಿತೋ, ಅದು ಆ ಪ್ರಾಣಿಯ ಬಾಯಿಗೆ! ಕ್ರಿ.ಪೂ. 1250ರ ಸುಮಾರಿಗೆ ಆನಿ ಎಂಬ ಕರಣಿಕನಿಗಾಗಿ ಮಾಡಿದ ಪಪೈರಸ್ ಸುರುಳಿಯಲ್ಲಿ ಈ ಇಡೀ ದೃಶ್ಯವನ್ನು ಬಣ್ಣದಲ್ಲಿ ಬರೆದಿದ್ದಾರೆ. ಅದೀಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಆ ಸಭೆಯಲ್ಲಿ 42 ಮಂದಿ ನ್ಯಾಯದೇವತೆಗಳು ಕೂತಿರುತ್ತಾರೆ. ಸತ್ತವನು ತಾನು ಇಂತಿಂಥ ಪಾಪಗಳನ್ನು ಮಾಡಿಲ್ಲವೆಂದು ಒಂದೊಂದಾಗಿ ಅವರ ಮುಂದೆ ಹೇಳಬೇಕು. 'ಮೃತರ ಪುಸ್ತಕ' ಎಂದು ಈಗಿನವರು ಕರೆಯುವ ಗ್ರಂಥದ 125ನೆಯ ಅಧ್ಯಾಯದಲ್ಲಿ ಆ ಪಾಪಗಳ ಪಟ್ಟಿಯಿದೆ. ಕೊಲೆ, ಕಳವು, ಸುಳ್ಳು, ದೇವಸ್ಥಾನದ ನೈವೇದ್ಯಕ್ಕೆ ಕೈಹಾಕುವುದು, ಇವೆಲ್ಲ ಅದರಲ್ಲಿವೆ. ಇಂಥವು ಯಾವ ಧರ್ಮದಲ್ಲಿಯೂ ಉಂಟು. ನಮ್ಮ ಕಣ್ಣು ನಿಂತದ್ದು ಬೇರೆ ಕೆಲವು ಪಾಪಗಳ ಮೇಲೆ. ಧಾನ್ಯದ ಅಳತೆಯನ್ನು ಕಿರಿದು ಮಾಡುವುದು ಪಾಪ. ತಕ್ಕಡಿಯ ತೂಕದಲ್ಲಿ ಮೋಸ ಪಾಪ. ಕೂಸಿನ ಬಾಯಿಂದ ಹಾಲು ಕಸಿಯುವುದು ಪಾಪ. ಹರಿಯುವ ನೀರಿಗೆ ಕಟ್ಟೆ ಹಾಕಿ ಪಕ್ಕದವನಿಗೆ ತಪ್ಪಿಸುವುದು ಪಾಪ. ಒಬ್ಬನನ್ನು ಹಸಿದಿಡುವುದು, ಅಳಿಸುವುದು ಪಾಪ. ಸೇವಕನ ಮೇಲೆ ಅವನ ಒಡೆಯನ ಹತ್ತಿರ ಚಾಡಿ ಹೇಳುವುದು ಪಾಪ. ದಿನ ಬೆಳಗಾದರೆ ಜನರಿಂದ ಸಲ್ಲತಕ್ಕದ್ದಕ್ಕಿಂತ ಹೆಚ್ಚಿನ ದುಡಿಮೆ ವಸೂಲು ಮಾಡುವುದೂ ಪಾಪ!

ಕಡೆಯ ಎರಡನ್ನು ಇನ್ನೊಮ್ಮೆ ಓದಿರಿ, ಬಂಧುಗಳೇ. ಧಣಿಗಳ ಕಿವಿ ಕಚ್ಚುವವನ ಪಾಪವೂ, ಹೊತ್ತಿಲ್ಲದ ಹೊತ್ತಿನಲ್ಲಿ ದುಡಿಸುವವನ ಪಾಪವೂ ಮೂರು ಸಾವಿರ ವರ್ಷಗಳ ಹಿಂದೆಯೇ ದೇವರ ಖಾತೆಗೆ ಬಿದ್ದಿದ್ದವು.

ಹೀಗೇಕೆ? ಈಜಿಪ್ತದಲ್ಲಿ ಆಗ ನಾಣ್ಯದ ಚಲಾವಣೆ ಇರಲಿಲ್ಲ. ಬೆಳೆದ ಧಾನ್ಯ ಉಗ್ರಾಣಕ್ಕೆ ಹೋಗಬೇಕು, ಉಗ್ರಾಣದಿಂದ ಅಳತೆಯ ಪ್ರಕಾರ ಕೆಲಸಗಾರನ ಮನೆಗೆ ಬರಬೇಕು. ನಡುವೆ ಅಳೆಯುವವನೊಬ್ಬ, ಬರೆಯುವವನೊಬ್ಬ. ಅಳೆಯುವವನ ಕೈ ಸ್ವಲ್ಪ ಓರೆಯಾದರೆ ಎಲ್ಲೋ ಒಂದು ಮನೆಯಲ್ಲಿ ಒಲೆ ಉರಿಯುವುದಿಲ್ಲ. ಆದುದರಿಂದಲೇ ಅವರಿಗೆ ಅಳತೆಯ ಮೋಸವು ಬರಿಯ ವ್ಯಾಪಾರದ ತಪ್ಪಾಗಿ ಕಾಣಲಿಲ್ಲ. ಅದು ಸೂರ್ಯಚಂದ್ರರು ನಡೆಯುವ ಕಟ್ಟಳೆಗೇ ಮಾಡಿದ ದ್ರೋಹವೆಂದು ಅವರು ಎಣಿಸಿದರು. ಇಂದು ನಮ್ಮ ನಡುವೆಯೂ ಅಳೆಯುವವನಿದ್ದಾನೆ, ಬರೆಯುವವನಿದ್ದಾನೆ. ಧಾನ್ಯದ ಬದಲು ತಾಸುಗಳನ್ನು ಅಳೆಯುತ್ತಾರೆ, ಪಪೈರಸ್ಸಿನ ಬದಲು ಹಾಜರಿ ಪುಸ್ತಕದಲ್ಲಿ ಬರೆಯುತ್ತಾರೆ, ಅಷ್ಟೇ.

ಆದರೆ ಈ ಧರ್ಮದಲ್ಲಿ ಎಲ್ಲವೂ ಚಿನ್ನವೆಂದು ನಾವು ಹೇಳುವುದಿಲ್ಲ. ಉಳ್ಳವರು ಆ ತಕ್ಕಡಿಗೂ ಉಪಾಯ ಕಂಡುಹಿಡಿದಿದ್ದರು. ಗುಂಡಿಗೆಯು ತನ್ನ ಒಡೆಯನ ವಿರುದ್ಧ ಸಾಕ್ಷಿ ನುಡಿಯದಿರಲೆಂದು ಒಂದು ಮಂತ್ರವಿತ್ತು. ಅದನ್ನು ಕಲ್ಲಿನ ಜೀರುಂಡೆಯ ಮೇಲೆ ಕೆತ್ತಿಸಿ ಹೆಣದ ಎದೆಯ ಮೇಲೆ ಇಡುತ್ತಿದ್ದರು. ಹೆಸರಿಗೆ ಮಾತ್ರ ಜಾಗ ಬಿಟ್ಟು ಮೊದಲೇ ಬರೆದಿಟ್ಟ ಸುರುಳಿಗಳೂ ಸಿಕ್ಕಿವೆ. ಕೊಂಡವನ ಹೆಸರು ತುಂಬಿದರೆ ಆಯಿತು, ಅವನು ನಿರಪರಾಧಿ! ವರ್ಷವಿಡೀ ಆಳುಗಳ ಪಗಾರ ಮುರಿದು ಕಡೆಗೆ ದೇವರ ಹುಂಡಿಗೆ ನೋಟಿನ ಕಟ್ಟು ಹಾಕುವವರನ್ನು ಕಂಡ ನಮಗೆ ಇದು ಹೊಸದಲ್ಲ.

ಬಡವನು ನ್ಯಾಯ ಕೇಳಹೋದರೆ ಏನಾಗುತ್ತಿತ್ತು ಎಂಬುದಕ್ಕೂ ಅವರದೇ ಒಂದು ಕಥೆಯಿದೆ. ಸುಮಾರು ಕ್ರಿ.ಪೂ. 1850ರ ಕಾಲದ್ದು. ಖುನ್-ಅನೂಪ್ ಎಂಬ ಬಡವ ಕತ್ತೆಗಳ ಮೇಲೆ ಸರಕು ಹೇರಿಕೊಂಡು ಪೇಟೆಗೆ ಹೊರಟಿದ್ದ. ದಾರಿಯಲ್ಲಿ ಅಧಿಕಾರಿಯ ಕಡೆಯವನೊಬ್ಬ ಇಕ್ಕಟ್ಟಾದ ಹಾದಿಗೆ ಬೇಕೆಂದೇ ಬಟ್ಟೆ ಹಾಸಿದ. ಬಟ್ಟೆ ತುಳಿಯದಂತೆ ಹೊಲದ ಅಂಚಿಗೆ ಸರಿದಾಗ ಒಂದು ಕತ್ತೆ ಒಂದು ಬಾಯಿ ಪೈರು ತಿಂದಿತು. ಅಷ್ಟಕ್ಕೇ ಕತ್ತೆಗಳನ್ನೆಲ್ಲ ಕಿತ್ತುಕೊಂಡು, ಮೇಲೆ ಹೊಡೆದದ್ದೂ ಆಯಿತು. ಇವನು ಮೇಲಧಿಕಾರಿ ರೆನ್ಸಿಯ ಮುಂದೆ ಹೋಗಿ ನ್ಯಾಯ ಬೇಡಿದ. ಬಡವನ ಮಾತುಗಾರಿಕೆ ಎಷ್ಟು ಚೆನ್ನಾಗಿತ್ತೆಂದರೆ, ಅದನ್ನು ಕೇಳುವ ಆಸೆಗೆ ದೊರೆಯು ಬೇಗ ತೀರ್ಪು ಕೊಡಬೇಡ, ಅವನು ಹೇಳಿದ್ದನ್ನು ಬರೆದು ಕಳಿಸು ಎಂದು ಅಪ್ಪಣೆ ಮಾಡಿದ. ಒಂಬತ್ತು ಸಲ ಅವನು ಮೊರೆಯಿಟ್ಟ. ನಡುವೆ ಪೆಟ್ಟೂ ತಿಂದ. ಅಧಿಕಾರಿಯೇ ಜನರ ತಕ್ಕಡಿ, ತಕ್ಕಡಿಯೇ ಓರೆಯಾದರೆ ಜನ ಎಲ್ಲಿ ಹೋಗಬೇಕೆಂಬುದು ಅವನ ಮೊರೆಗಳ ಸಾರ. ಕೊನೆಗೆ ಅವನಿಗೆ ನ್ಯಾಯ ಸಿಕ್ಕಿತು, ಸುಲಿದವನ ಆಸ್ತಿಯೇ ಇವನ ಪಾಲಾಯಿತು. ಆದರೆ ಅಲ್ಲಿಯವರೆಗೆ ಬಡವನ ಸಂಕಟ ದೊರೆಗೆ ಕಾಲಕ್ಷೇಪವಾಗಿತ್ತು. ಒಬ್ಬನೇ ಹೋದವನ ಪಾಡು ಇದು.

ಹತ್ತಾರು ಮಂದಿ ಕೂಡಿ ಹೋದಾಗ ಏನಾಯಿತು? ಅದು ಕಥೆಯಲ್ಲ, ಇತಿಹಾಸ.

ಇಂದಿನ ಲುಕ್ಸರ್ ಪಟ್ಟಣದ ಎದುರಿಗೆ, ನೈಲ್ ನದಿಯ ಪಡುವಣ ದಡದ ಬೆಟ್ಟಗಳ ನಡುವೆ, ದೇರ್ ಎಲ್-ಮೆದೀನಾ ಎಂಬ ಸ್ಥಳದಲ್ಲಿ ಒಂದು ಕಾರ್ಮಿಕರ ಊರಿನ ಅವಶೇಷವಿದೆ. ಗೋಡೆಯೊಳಗೆ ಸುಮಾರು 70 ಮನೆ. ದೊರೆಗಳ ಸಮಾಧಿಗಳನ್ನು ಬೆಟ್ಟದಲ್ಲಿ ಕೊರೆದು ಚಿತ್ರ ಬರೆಯುವ ಕಲ್ಲುಕುಟಿಗರು, ಚಿತ್ರಗಾರರು ಅಲ್ಲಿ ತಲೆಮಾರುಗಳಿಂದ ವಾಸವಾಗಿದ್ದರು. ಕುಡಿಯುವ ನೀರೂ ಕೆಳಗಿನಿಂದ ಕತ್ತೆಗಳ ಮೇಲೆ ಬರಬೇಕು. ಊರಿನ ಹೆಸರು ಏನು ಗೊತ್ತೇ? 'ಮಾಅತ್‌ನ ಸ್ಥಳ', ಎಂದರೆ ಸತ್ಯದ ಸ್ಥಳ.

ಅವರ ಪಗಾರದ ಲೆಕ್ಕ ಇಂದಿಗೂ ಉಳಿದಿದೆ. ಸಾಧಾರಣ ಕೆಲಸಗಾರನಿಗೆ ತಿಂಗಳಿಗೆ 4 ಚೀಲ ಖಪಲಿ ಜಾತಿಯ ಗೋಧಿ, 1½ ಚೀಲ ಬಾರ್ಲಿ. ಅವರ ಚೀಲವೆಂದರೆ ಸುಮಾರು 76 ಲೀಟರ್. ಮುಕಾದಮನಿಗೆ ಎರಡೂ ಸೇರಿ 7½ ಚೀಲ. ಹಾಜರಿಯನ್ನೂ ಬರೆದಿಡುತ್ತಿದ್ದರು. ರಾಮಸೇಸ್ 2 ಎಂಬ ದೊರೆಯ 40ನೆಯ ವರ್ಷದ ಹಾಜರಿ ಕಲ್ಲೊಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಒಬ್ಬನಿಗೆ ಚೇಳು ಕಡಿದಿದೆ, ಒಬ್ಬನಿಗೆ ಕಣ್ಣುಬೇನೆ, ಒಬ್ಬನು ತೀರಿಕೊಂಡ ತಾಯಿಯ ಕಾರ್ಯಕ್ಕೆ ಹೋಗಿದ್ದಾನೆ ಎಂದು ಗೈರುಹಾಜರಿಗೆ ಕಾರಣ ಸಹಿತ ಬರೆದಿದೆ.

ರಾಮಸೇಸ್ 3 ಎಂಬ ದೊರೆಯ 29ನೆಯ ವರ್ಷದಲ್ಲಿ, ಎಂದರೆ ಕ್ರಿ.ಪೂ. 1157ರ ಸುಮಾರಿಗೆ, ಈ ಊರಿಗೆ ಧಾನ್ಯ ಬರುವುದು ತಪ್ಪಿತು. ತಿಂಗಳು ಹುಟ್ಟಿ 18 ದಿನ ಕಳೆದರೂ ಅಳತೆ ಬರಲಿಲ್ಲ. ಕೆಲಸಗಾರರು ಉಳಿ ಸುತ್ತಿಗೆ ಕೆಳಗಿಟ್ಟು, ಕಾವಲು ಗೋಡೆಗಳನ್ನು ದಾಟಿ ಹೊರಬಂದು ಒಂದು ದೇವಾಲಯದ ಹಿಂದೆ ಕುಳಿತರು. ಮೇಲಿನವರು ಬಂದು ಆಣೆಪ್ರಮಾಣ ಮಾಡಿ ಒಳಗೆ ಕರೆದರು. ಇವರು ಏಳಲಿಲ್ಲ. ಮುಂದಿನ ದಿನಗಳಲ್ಲಿ ದೊಡ್ಡದಾದ ಇನ್ನೊಂದು ದೇವಾಲಯದ ಆವರಣಕ್ಕೇ ಹೋಗಿ ಕುಳಿತರು. ಹಸಿವು ನೀರಡಿಕೆಯಿಂದ ಬಂದಿದ್ದೇವೆ, ಉಡಲು ಬಟ್ಟೆಯಿಲ್ಲ, ಮೈಗೆ ಎಣ್ಣೆಯಿಲ್ಲ, ಮೀನಿಲ್ಲ, ಕಾಯಿಪಲ್ಲೆಯಿಲ್ಲ, ದೊರೆಗೂ ಮಂತ್ರಿಗೂ ಬರೆದು ತಿಳಿಸಿರಿ ಎಂದು ಹೇಳಿದರು. ಹಿಂದಿನ ತಿಂಗಳ ಬಾಕಿ ಬಂದಿತು. ಮುಂದೆ ಮತ್ತೆ ತಪ್ಪಿತು, ಮತ್ತೆ ಕುಳಿತರು. ಉಗ್ರಾಣದಲ್ಲಿ ಏನೂ ಇಲ್ಲವೆಂದು ಮಂತ್ರಿಯ ಕಡೆಯಿಂದ ಅರ್ಧ ಅಳತೆ ಬಂದದ್ದೂ ಉಂಟು. ಜಗತ್ತಿನಲ್ಲಿ ಬರಹಕ್ಕೆ ಸಿಕ್ಕಿದ ಮೊದಲನೆಯ ಮುಷ್ಕರವೆಂದು ವಿದ್ವಾಂಸರು ಹೇಳುವುದು ಇದನ್ನೇ.

ಆಮೇಲಿನ ಒಂದು ಸಲ ಅವರು ಹೇಳಿದ ಮಾತಿನ ಭಾವವನ್ನು ನಾವು ಮರೆಯಲಾರೆವು. ತಾವು ಬರಿಯ ಹಸಿವಿಗಾಗಿ ಹೊರಬಂದಿಲ್ಲ, ದೊರೆಯ ಈ ಸ್ಥಳದಲ್ಲಿ ಅನ್ಯಾಯ ನಡೆದಿದೆ, ಆ ದೂರನ್ನು ಹೇಳಬೇಕಾಗಿದೆ ಎಂದರು. ಹೊಟ್ಟೆಯಿಂದ ಶುರುವಾದ ಮಾತು ನ್ಯಾಯಕ್ಕೆ ಬಂದು ನಿಂತಿತು ನೋಡಿ! ಸತ್ತ ಮೇಲಿನ ತಕ್ಕಡಿಯ ಚಿತ್ರವನ್ನು ಗೋಡೆಯ ಮೇಲೆ ಬರೆಯುತ್ತಿದ್ದ ಜನವೇ ಅವರು. ಆ ತಕ್ಕಡಿಯಲ್ಲಿ ನಂಬಿಕೆಯಿಲ್ಲದವರಲ್ಲ. ಹಾಗೆಂದು ದೊರೆಗೆ ಓಸಿರಿಸ್ ಶಿಕ್ಷೆ ಕೊಡುತ್ತಾನೆ ಎಂದು ಹೇಳಿ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡು ಮಲಗಲಿಲ್ಲ. ಅಲ್ಲಿ ಕೇಳುವ ಪ್ರಶ್ನೆಯನ್ನು ಇಲ್ಲಿಯೇ ಕೇಳಿದರು. ಅವರ ನಂಬಿಕೆ ಅವರ ಬೆನ್ನುಮೂಳೆಯಾಗಿತ್ತು. ಪಗಾರವನ್ನು ಇಂತಿಷ್ಟು ದಿನದೊಳಗೆ ಕೊಡಲೇಬೇಕೆಂಬ ಕಾಯಿದೆ ನಮ್ಮ ದೇಶದಲ್ಲಿ ಬಂದದ್ದು 1936ರಲ್ಲಿ. ಕಾಯಿದೆಯ ಬಲವಿಲ್ಲದ ಅವರು ಧರ್ಮದ ಬಲದಿಂದ ಕೇಳಿದರು.

"ದೊರೆಗಳನ್ನೇ ದೇವರೆಂದು ಪೂಜಿಸಿದ, ಯುದ್ಧದಲ್ಲಿ ಹಿಡಿದವರನ್ನು ಆಳಾಗಿ ದುಡಿಸಿದ ದೇಶದಿಂದ ನಾವು ಕಲಿಯುವುದೇನು?" ಎಂದು ಕೆಲವು ಮಿತ್ರರು ಕೇಳಬಹುದು. ಆ ದೇಶದ ದೋಷಗಳು ಸುಳ್ಳಲ್ಲ. ಆ ಧರ್ಮವೂ ಕ್ರಿ.ಶ. 6ನೆಯ ಶತಮಾನದಲ್ಲಿ ಫಿಲೆ ದ್ವೀಪದ ದೇವಾಲಯ ಮುಚ್ಚುವುದರೊಂದಿಗೆ ಮುಗಿಯಿತು. ಅದನ್ನು ಪುನಃ ಸ್ಥಾಪಿಸಿರೆಂದು ನಾವು ಹೇಳುತ್ತಿಲ್ಲ. ಒಂದು ಸಮಾಜವು ತನ್ನ ಪಾಪಗಳ ಪಟ್ಟಿಯಲ್ಲಿ ಕಿರಿದಾದ ಅಳತೆಯನ್ನೂ ಅತಿಯಾದ ದುಡಿಮೆಯನ್ನೂ ಬರೆಯಿತಲ್ಲ, ಅಷ್ಟನ್ನು ತೆಗೆದುಕೊಳ್ಳಿರಿ ಎನ್ನುತ್ತೇವೆ.

ಇನ್ನೊಂದು ಮಾತು. ತಕ್ಕಡಿಗೆ ಎಲ್ಲರೂ ಏರಬೇಕು. ಅದೇ ಊರಿನಲ್ಲಿ ಪಾನೆಬ್ ಎಂಬ ಮುಕಾದಮನಿದ್ದ. ಸಮಾಧಿಯ ವಸ್ತು ಕದ್ದ, ಕೆಲಸಗಾರರನ್ನು ಹೊಡೆದ, ಅವರಿಂದ ತನ್ನ ಎತ್ತನ್ನು ಮೇಯಿಸಿದ, ತನ್ನ ಸ್ವಂತ ಕೆಲಸ ಮಾಡಿಸಿಕೊಂಡ ಎಂದು ಅವನ ಮೇಲೆ ಬರೆದ ದೂರು ಇಂದಿಗೂ ಉಳಿದಿದೆ. ಅವನು ಕೆಲಸಗಾರರ ನಡುವೆಯೇ ಬೆಳೆದವನು. ನಮ್ಮ ಹೋಟೆಲುಗಳಲ್ಲಿ ಪಾನೆಬ್‌ಗಳಿಲ್ಲವೇ? ಹಳಬನು ಹೊಸಬನ ಮೇಲೆ ತನ್ನ ಪಾಲಿನ ಕೆಲಸ ಹೇರುವುದಿಲ್ಲವೇ? ಗಲ್ಲಾದ ಹತ್ತಿರ ಹೋಗಿ ಜೊತೆಗಾರನ ಮೇಲೆ ಚಾಡಿ ಹೇಳುವುದಿಲ್ಲವೇ? 14 ವರ್ಷದೊಳಗಿನ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಕೂಡದೆಂದು 2006ರಲ್ಲಿಯೇ ಸರಕಾರ ನಿಷೇಧ ಹಾಕಿತು. ಆದರೂ ಊರಿನ ಸಂಬಂಧಿಕನ ಮಗನನ್ನು ವಯಸ್ಸು ಹೆಚ್ಚಿಗೆ ಹೇಳಿ ಕರೆತರುವವನು ಧಣಿಯೇ ಆಗಿರುವುದಿಲ್ಲ, ಎಷ್ಟೋ ವೇಳೆ ನಮ್ಮವನೇ. ಧಣಿಯ ಅಳತೆ ಸರಿಯಿರಲಿ ಎಂದು ಕೇಳುವ ಬಾಯಿಗೆ ತನ್ನ ಅಳತೆಯೂ ಸರಿಯಿರಬೇಕು. ಇಲ್ಲವಾದರೆ ಆ ಮಾತಿಗೆ ತೂಕ ಬರುವುದಿಲ್ಲ.

ಕಡೆಯದಾಗಿ ಒಂದು ಕೆಲಸದ ಮಾತು. ಮೂರು ಸಾವಿರ ವರ್ಷ ಹಿಂದಿನ ಆ ಮುಷ್ಕರ ನಮಗೆ ತಿಳಿದದ್ದು ಹೇಗೆ? ಅದು ನಡೆದಾಗ ಅದೇ ಊರಿನ ಅಮೆನ್ನಖ್ತ್ ಎಂಬ ಕರಣಿಕನಿದ್ದ. ಯಾವ ದಿನ ಎಲ್ಲಿ ಕುಳಿತರು, ಯಾರು ಬಂದು ಏನು ಹೇಳಿದರು, ಎಷ್ಟು ಧಾನ್ಯ ಸಿಕ್ಕಿತು ಎಂಬುದೆಲ್ಲ ದಿನವಾರು ಬರಹಕ್ಕೆ ಇಳಿಯಿತು. ಆ ಪಪೈರಸ್ ಇಟಲಿಯ ಟೂರಿನ್ ಪಟ್ಟಣದ ಮ್ಯೂಸಿಯಮ್ಮಿನಲ್ಲಿದೆ. ದೊರೆಯ ಅಸ್ಥಿಗೆ ಎಷ್ಟು ಬೆಲೆಯೋ, ಆ ಹಸಿದವರ ಮಾತಿಗೂ ಇಂದು ಅಷ್ಟೇ ಬೆಲೆಯಿದೆ. ಬರೆದಿಟ್ಟುದರ ಮಹಿಮೆ ಅದು.

ಗಿರಣಿ ಮುಚ್ಚಿದ ಮೇಲೆ ಬಾಕಿಗಾಗಿ ವರ್ಷಗಟ್ಟಲೆ ಅಲೆದ ನಮ್ಮ ಗಿರಣಿ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಯಲ್ಲಿ ಚೀಟಿ ಇದ್ದವನಿಗೂ ಇಲ್ಲದವನಿಗೂ ಇರುವ ಅಂತರ ಅವರಿಗೆ ಗೊತ್ತು. ಆದುದರಿಂದ ಪ್ರತಿಯೊಬ್ಬ ಬಂಧುವೂ ಒಂದು ಸಣ್ಣ ವಹಿ ಇಟ್ಟುಕೊಳ್ಳಲಿ. ಇಂದು ಎಷ್ಟು ಗಂಟೆಗೆ ಕೆಲಸಕ್ಕೆ ನಿಂತೆ, ಎಷ್ಟು ಗಂಟೆಗೆ ಬಿಟ್ಟೆ, ಪಗಾರದಲ್ಲಿ ಎಷ್ಟು ಕೈಗೆ ಬಂದಿತು, ಎಷ್ಟು ಮುರಿದರು, ಏಕೆಂದು ಹೇಳಿದರು, ಇಷ್ಟನ್ನು ದಿನದ ದಿನವೇ ಬರೆಯಲಿ. ಬರೆಯಲು ಬಾರದವನು ಬರುವವನಿಂದ ಬರೆಸಲಿ, ಹಾಗೆಯೇ ಅಕ್ಷರವನ್ನೂ ಕಲಿಯಲಿ. ತಿಂಗಳ ಕೊನೆಗೆ ನಾಲ್ಕು ಮಂದಿ ಕುಳಿತು ವಹಿಗಳನ್ನು ತಾಳೆ ನೋಡಿರಿ. ಮೇಲಿನವನು ತನ್ನ ಲೆಕ್ಕ ಬರೆಯುತ್ತಿರಲಿ. ಕೆಳಗಿನ ಲೆಕ್ಕ ಬರೆಯುವುದು ನಮ್ಮ ಕೈಯಲ್ಲಿದೆ.