ತಾಯಿಮರ ಚೆನ್ನಾಗಿರಲಿ

ಕೋಲಾರದ ಸುಗಟೂರಿನಲ್ಲಾಗಲಿ, ಶ್ರೀನಿವಾಸಪುರದ ತೋಪುಗಳಲ್ಲಾಗಲಿ ಮಾವಿನ ಕಸಿಯ ಗುಟ್ಟನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬಾದಾಮಿಯ ಓಟೆ ನೆಟ್ಟರೆ ಅದೇ ಹಣ್ಣು ಬಿಡುತ್ತದೆಂಬ ಭರವಸೆಯಿಲ್ಲ. ತಾಯಿಮರದ ಕಡ್ಡಿ ತಂದು ಕಸಿ ಕಟ್ಟಬೇಕು. ಶಾಲೆಯ ಇಪ್ಪತ್ತು ಕಂಪ್ಯೂಟರುಗಳಿಗೆ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕುವುದೂ ಹೆಚ್ಚುಕಡಿಮೆ ಇಂಥದೇ ಕೆಲಸ.

ಕಾರ್ಯಾಚರಣ ವ್ಯವಸ್ಥೆ ಎಂದರೆ ವಿಂಡೋಸ್, ಲಿನಕ್ಸ್ ಮೊದಲಾದ ಮೂಲ ತಂತ್ರಾಂಶ. ಅದರ ಕಡತಗಳನ್ನು ಡಿಸ್ಕಿಗೆ ನಕಲು ಮಾಡಿದರಷ್ಟೇ ಸಾಲದು. ಗುಂಡಿ ಒತ್ತಿದೊಡನೆ ಮದರ್‌ಬೋರ್ಡಿನಲ್ಲಿರುವ ಚಿಕ್ಕ ಪ್ರೋಗ್ರಾಮ್ ಎಚ್ಚರಗೊಂಡು, ಡಿಸ್ಕಿನಲ್ಲಿ ಬೂಟ್ ಲೋಡರನ್ನು ಹುಡುಕುತ್ತದೆ. ಆ ಲೋಡರು ವ್ಯವಸ್ಥೆಯ ತಿರುಳಾದ ಕರ್ನೆಲ್ಲನ್ನು ಮೆಮೊರಿಗೆ ತರುತ್ತದೆ. ಈ ಸರಪಳಿಯನ್ನು ಕೊಂಡಿ ತಪ್ಪದಂತೆ ಜೋಡಿಸಿಕೊಡುವುದೇ ಇನ್‌ಸ್ಟಾಲೇಷನ್.

1995ರಲ್ಲಿ ವಿಂಡೋಸ್ 95 ಅನ್ನು ಫ್ಲಾಪಿಯಲ್ಲಿ ಕೊಂಡವರು 13 ಫ್ಲಾಪಿಗಳನ್ನು ಒಂದಾದ ಮೇಲೊಂದರಂತೆ ತೂರಿಸಬೇಕಿತ್ತು. ನಡುವೆ ಒಂದು ಕೆಟ್ಟರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಈಗ ಒಂದು ಪೆನ್‌ಡ್ರೈವ್ ಸಾಕು. ಆದರೆ ಯಂತ್ರಗಳು ಇಪ್ಪತ್ತಿದ್ದರೆ?

ಅದಕ್ಕೆ ಮೂರು ದಾರಿಗಳಿವೆ. ಮೊದಲನೆಯದು, ಇನ್‌ಸ್ಟಾಲರ್ ಕೇಳುವ ಭಾಷೆ, ಸಮಯ, ಡಿಸ್ಕಿನ ಪಾಲು ಮುಂತಾದ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದ ಕಡತವೊಂದನ್ನು ಕೊಡುವುದು. ಎರಡನೆಯದು, ಒಂದು ಯಂತ್ರವನ್ನು ಅಚ್ಚುಕಟ್ಟಾಗಿ ಸಿದ್ಧಗೊಳಿಸಿ, ಅದರ ಡಿಸ್ಕಿನ ಪೂರ್ಣ ಪ್ರತಿಯನ್ನು ಕ್ಲೋನ್‌ಜಿಲ್ಲಾದಂಥ ಉಚಿತ ತಂತ್ರಾಂಶದಿಂದ ಉಳಿದವಕ್ಕೆ ಇಳಿಸುವುದು. ಮೂರನೆಯದು ಪಿಎಕ್ಸ್‌ಇ: ಪೆನ್‌ಡ್ರೈವ್ ಇಲ್ಲದೆಯೇ ಕಂಪ್ಯೂಟರು ನೆಟ್‌ವರ್ಕ್ ತಂತಿಯ ಮೂಲಕ ಸರ್ವರಿನಿಂದ ಇನ್‌ಸ್ಟಾಲರನ್ನು ತರಿಸಿಕೊಳ್ಳುತ್ತದೆ.

ಎರಡನೆಯ ದಾರಿಯೇ ಕಸಿ. ಇಲ್ಲಿ ಗುಣದಂತೆ ದೋಷವೂ ಇಳಿಯುತ್ತದೆ. ತಾಯಿಯಂತ್ರದಲ್ಲಿ ವೈರಸ್ ಇದ್ದರೆ ಇಪ್ಪತ್ತರಲ್ಲೂ ವೈರಸ್. ಯಂತ್ರದ ಹೆಸರು, ಗುರುತಿನ ಸಂಖ್ಯೆಗಳೂ ನಕಲಾಗುವುದರಿಂದ ಅವನ್ನು ಬದಲಿಸಲೇಬೇಕು. ವಿಂಡೋಸಿನಲ್ಲಿ ಇದಕ್ಕೆಂದೇ ಸಿಸ್‌ಪ್ರೆಪ್ ಎಂಬ ಸಾಧನವಿದೆ. ಪ್ರತಿಯನ್ನು ಇಳಿಸಿದ ಡಿಸ್ಕಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಮಕ್ಕಳ ಅಂಕಪಟ್ಟಿ, ಶಾಲೆಯ ದಾಖಲೆಗಳನ್ನು ಬೇರೆಡೆ ಉಳಿಸಿಕೊಂಡಿರದಿದ್ದರೆ ಆಮೇಲೆ ಕಣ್ಣೀರೇ ಗತಿ.

ಈ ಮಾತಿಗೆ ಈಗ ತುರ್ತಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಯಂತ್ರದಲ್ಲಿರಬೇಕು. ಹಳೆಯ ಅನೇಕ ಯಂತ್ರಗಳಲ್ಲಿ ಅದಿಲ್ಲ. ಹಾಗೆಂದು ಅವನ್ನು ಗುಜರಿಗೆ ಹಾಕಬೇಕೆ?

ಬೇಕಿಲ್ಲ ಎನ್ನಲು ಪಕ್ಕದ ಕೇರಳವೇ ಸಾಕ್ಷಿ. ಅಲ್ಲಿನ ಕೈಟ್ ಸಂಸ್ಥೆ ಉಬುಂಟು ಲಿನಕ್ಸನ್ನು ಶಾಲೆಗಳಿಗೆ ತಕ್ಕಂತೆ ಒಮ್ಮೆ ಸಿದ್ಧಪಡಿಸಿ, ಪಾಠದ ತಂತ್ರಾಂಶಗಳನ್ನೂ ಸೇರಿಸಿ ರಾಜ್ಯಕ್ಕೆಲ್ಲ ಹಂಚುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದರ ಪಾಲುಂಟು. ಪ್ರತಿ ಯಂತ್ರಕ್ಕೆ ಪರವಾನಗಿ ಶುಲ್ಕ ತೆರಬೇಕಾಗಿಲ್ಲ.

ನಮ್ಮ ಹಳ್ಳಿಶಾಲೆಗಳ ಕೋಣೆಗಳಲ್ಲಿ ದೂಳು ಹಿಡಿದು ಕೂತ ಯಂತ್ರಗಳಿಗೂ ಇಂಥದೊಂದು ತಾಯಿಮರ ಬೇಕು. ಬೇರು ಗಟ್ಟಿಯಿರುವ ಹಳೆಯ ಗಿಡಕ್ಕೆ ಹೊಸ ಕಸಿ ಕಟ್ಟುವುದನ್ನು ಈ ಸೀಮೆಯ ರೈತ ಬಲ್ಲ. ಗಿಡ ಕಡಿಯುವ ಮೊದಲು ಶಾಲೆಗಳೂ ಅವನನ್ನೊಮ್ಮೆ ನೆನೆಯಲಿ.